ದಾನವ್ವ ಕಲಿಸಿದ ಕುಡಿಯುವ ಮಾತು

ಕೇಳುವವರಿಗೆ ಪುರುಸೊತ್ತಿದ್ದರೆ ಹೇಳುವವನಿಗೇನು ದಾಡಿ? ಕೇಳಿ ಹಾಗಾದರೆ.

ಡೋಣಿ ಹೊಳೆಯ ದಂಡೆಗೆ ಒಂದು ಊರು. ಊರ ಸುತ್ತ ದ್ರಾಕ್ಷಿ ತೋಟ, ತೋಟದ ನಡುವೆ ಬಿರಾದಾರ ಸಾಹುಕಾರರ ವೈನ್ ಫ್ಯಾಕ್ಟರಿ, ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ ದಾನವ್ವ ಎಂಬ ತಾಯಿ, ಗುರುಪಾದ ಎಂಬ ಮಗ. ಮಗನಿಗೆ ಮೈಯಲ್ಲಿ ಎತ್ತಿನ ಕಸುವು, ಮನಸ್ಸಿನಲ್ಲಿ ಕಪಟ ಒಂದಿಷ್ಟೂ ಇಲ್ಲ. ತಲೆಯಲ್ಲಿ ಮಾತ್ರ ದೇವರು ಏನನ್ನೋ ಇಡಲು ಮರೆತಿದ್ದ. ಬಾಗಿಲು ನೋಡಿಕೋ ಎಂದರೆ ದಿನವಿಡೀ ಬಾಗಿಲನ್ನೇ ನೋಡುತ್ತ ಕೂರುವವನು. ಹಿತ್ತಲಿಂದ ನಾಯಿ ಬಂದು ರೊಟ್ಟಿ ಎತ್ತಿಕೊಂಡು ಹೋದರೆ, "ನಾಯಿ ನೋಡಂತ ನೀ ಹೇಳಿದ್ದಿಲ್ಲಲ್ಲವ್ವ" ಎನ್ನುವವನು.

ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಹೆಗ್ಗಣಕ್ಕೂ ಹೊಟ್ಟೆ ಇರುತ್ತದೆ. ನಾನು ಹೋದ ಮೇಲೆ ಇವನಿಗೆ ರೊಟ್ಟಿ ಹಾಕುವವರು ಯಾರು ಎಂಬುದೊಂದೇ ದಾನವ್ವನ ಚಿಂತೆ. ಉಂಡರೂ ಅದೇ ಚಿಂತೆ, ಮಲಗಿದರೂ ಅದೇ ಚಿಂತೆ.

ಈ ದಾನವ್ವ ಸಾಮಾನ್ಯದವಳಲ್ಲ. ಫ್ಯಾಕ್ಟರಿ ಶುರುವಾದಾಗ ವೈನು ಮಾಡುವುದನ್ನು ಕಲಿಸಲು ಸ್ಪೇನ್ ದೇಶದಿಂದ ಎಮಿಲಿಯೋ ಎಂಬ ಸಾಹೇಬ ಬಂದಿದ್ದ. ಊರವರ ಬಾಯಲ್ಲಿ ಅವನು ಎಮ್ಲಪ್ಪ. ಅವನು ಊರಲ್ಲಿದ್ದಷ್ಟು ವರ್ಷವೂ ಅವನಿಗೆ ರೊಟ್ಟಿ ಬಡಿದು ಹಾಕಿದವಳು ದಾನವ್ವ. ಬಡಿಸುತ್ತ ಬಡಿಸುತ್ತ ಅವನ ಊಟದ ಮೇಜಿನ ಮಾತೆಲ್ಲ ಅವಳ ಬಾಯಿಗೆ ಹತ್ತಿದ್ದವು. ಮೇಜಿನ ಮೇಲೆ ಇರುತ್ತಿದ್ದುದು ವೈನು, ಹಾಗಾಗಿ ಅವಳಿಗೆ ಬರುತ್ತಿದ್ದುದು ಬಹುಪಾಲು ವೈನು ಕುಡಿಯುವವರ ಮಾತು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಜನ್ಮದಲ್ಲಿ ಒಂದು ಹನಿ ಬಾಯಿಗೆ ಹಚ್ಚಿದವಳಲ್ಲ. ಓಣಿಯ ಹೆಂಗಸರು ಕೆಣಕಿದರೆ, "ಮಾತಿಗೇನ ಅಮಲಿರತೈತೇನ?" ಎನ್ನುತ್ತಿದ್ದಳು.

ಎಮ್ಲಪ್ಪ ತನ್ನ ದೇಶಕ್ಕೆ ಹೋದ. ದಾನವ್ವನ ಮೊಣಕಾಲೂ ಹೋದವು. ಹೀಗಿರುವಾಗ ಎಮ್ಲಪ್ಪನ ಅಕ್ಕ, ಪಿಲಾರ್ ಎಂಬಾಕೆ, ಸಾಹುಕಾರರ ವೈನು ಹೇಗಿದೆಯೆಂದು ರುಚಿ ನೋಡಲು ಸ್ಪೇನಿನಿಂದ ಬರುತ್ತಾಳೆಂದು ಸುದ್ದಿಯಾಯಿತು. ಆಕೆಯ ಮುಂದೆ ಗ್ಲಾಸು ಹಿಡಿದು ನಿಲ್ಲಲು, ಆಕೆಯ ಮಾತಿನಲ್ಲೇ ನಾಲ್ಕು ಮಾತಾಡಲು ಒಬ್ಬ ಆಳು ಬೇಕಿತ್ತು.

ದಾನವ್ವ ಕುಂಟುತ್ತ ಹೋಗಿ ಸಾಹುಕಾರರಿಗೆ ಕೈಮುಗಿದಳು. "ನನ್ನ ಮಗನ್ನ ನಿಂದ್ರಸ್ರಿ. ಮಾತು ನಾ ಕಲಸ್ತೀನಿ."

ಸಾಹುಕಾರರು ಗುರುಪಾದನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆ ಅಮ್ಮ ಹೋಗೂತನಕ ನೋಡ್ತೀನಿ, ದಾನವ್ವ. ಚಂದಂಗ ಮಾಡಿದ್ರ ಕಾಯಂ ಕೆಲಸ. ಇಲ್ಲಾಂದ್ರ ಮತ್ತ ಈ ಗೇಟಿನ ಕಡೆ ಕರಕೊಂಡು ಬರಬ್ಯಾಡ."

ಮನೆಗೆ ಬಂದು ದಾನವ್ವ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ನೋಡ ಮಗನ, ಗ್ಲಾಸ ಎತ್ತಿ ಬಾಯಿಗೆ ಇಡಾವ್ರು ಕಂಡ್ರ 'ಸಲೂದ್' ಅನಬೇಕು. ಆರೋಗ್ಯ ಚಂದಿರ್ಲಿ ಅಂತ ಅರ್ಥ."

"ಯಾರ ಎತ್ತಿದ್ರೂ ಅನ್ನೂದೇನವ್ವ?"

"ಯಾರ ಎತ್ತಿದ್ರೂ ಅನ್ನೂದ."

ಸಲೂದ್, ಸಲೂದ್ ಎಂದು ಜಪಿಸುತ್ತ ಗುರುಪಾದ ಮರುದಿನ ಮುಂಜಾನೆ ಫ್ಯಾಕ್ಟರಿಗೆ ಹೊರಟ. ಓಣಿಯ ತುದಿಯಲ್ಲಿ ಮಡಿವಾಳಜ್ಜನ ಮನೆ. ಅಜ್ಜನಿಗೆ ಹಿಂದಿನ ದಿನದಿಂದ ಮೇಲುಸಿರು. ಮಕ್ಕಳು, ಸೊಸೆಯಂದಿರು ಸುತ್ತ ಕೂತಿದ್ದರು. ಹಿರಿಯ ಮಗ ಕೊನೆಯ ತೀರ್ಥವೆಂದು ಬೆಳ್ಳಿಯ ಲೋಟ ಎತ್ತಿ ಅಜ್ಜನ ತುಟಿಗೆ ಹಿಡಿದಿದ್ದ. ಗುರುಪಾದನಿಗೆ ಕಿಟಕಿಯಿಂದ ಕಂಡಿದ್ದು ಲೋಟ. ಲೋಟವೆಂದರೂ ಗ್ಲಾಸೇ ತಾನೆ? ಎತ್ತಿದ್ದಂತೂ ಹೌದು, ಬಾಯಿಗೆ ಇಟ್ಟಿದ್ದೂ ಹೌದು. ಒಳಗೆ ಹೋಗಿ ಮಂಚದ ಕಾಲ ಬಳಿ ನಿಂತು, "ಸಲೂದ್ ಅಜ್ಜಾ" ಎಂದ. ಯಾರಿಗೂ ತಿಳಿಯಲಿಲ್ಲವೆಂದು ಬಿಡಿಸಿ ಹೇಳಿದ: "ಆರೋಗ್ಯ ಚಂದಿರ್ಲಿ."

ಅಜ್ಜ ಒಮ್ಮೆ ಕಣ್ಣು ಬಿಟ್ಟು ಅವನನ್ನು ನೋಡಿದ. ಆಮೇಲೆ ಸಾಕೆನಿಸಿತೋ ಏನೋ, ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಹಿರಿಯ ಮಗ ಲೋಟ ಕೆಳಗಿಟ್ಟು ಬಾರಕೋಲು ಹುಡುಕತೊಡಗಿದ. ಗುರುಪಾದ ಓಡಿ ಮನೆಗೆ ಬಂದ.

"ನೀ ಹೇಳಿದಂಗ ಅಂದ್ನಿ, ಅವ್ವ. ಆದ್ರೂ ಬೆನ್ನ ಹತ್ತಿದ್ರು."

"ಅಯ್ಯ ನನ್ನ ಮಗನ, ಸಾಯೂ ಮನಷ್ಯಾಗ ಆರೋಗ್ಯ ಹೇಳ್ತಾರೇನೋ? ಅಲ್ಲಿ ಎದಿ ಮ್ಯಾಲ ಕೈ ಇಟ್ಟು, ತೆಲಿ ತಗ್ಗಿಸಿ, 'ಲೊ ಸಿಯೆಂತೊ' ಅನಬೇಕು. ನಿಮ್ಮ ದುಃಖ ನಮ್ಮ ದುಃಖ ಅಂತ. ನಿಮ್ಮಪ್ಪ ಸತ್ತಾಗ ಎಮ್ಲಪ್ಪ ಈ ಕಟ್ಟಿ ಮ್ಯಾಲ ದಿನಾ ಪೂರ್ತಿ ಕುಂತು ಅದೊಂದ ಮಾತು ಅಂದಿದ್ದ."

"ಮಂದಿ ಸುಮ್ಮಕ ಕುಂತಿದ್ರ ಹಂಗ ಅನ್ನೂದೇನವ್ವ?"

"ಹೂಂ. ಎಲ್ಲಾರೂ ಮಾರಿ ಸಣ್ಣದು ಮಾಡಿ ಸುಮ್ಮಕ ಕುಂತಿದ್ರ ಹಂಗ ಅನ್ನು."

ಲೊ ಸಿಯೆಂತೊ, ಲೊ ಸಿಯೆಂತೊ ಎಂದು ಜಪಿಸುತ್ತ ಗುರುಪಾದ ಮತ್ತೆ ಹೊರಟ. ಈ ಸಲ ಅಜ್ಜನ ಮನೆಯ ಕಡೆ ತಿರುಗಲಿಲ್ಲ. ಅಷ್ಟು ಬುದ್ಧಿ ಇತ್ತು.

ಫ್ಯಾಕ್ಟರಿಯಲ್ಲಿ ಪಿಲಾರ್ ಬಂದು ಕೂತಿದ್ದಳು. ಎತ್ತರದ ಹೆಂಗಸು, ಬಿಳಿ ಕೂದಲು, ಬಿಳಿ ಉಡುಪು. ಸಾಹುಕಾರರು ತಾವು ಜೋಪಾನ ಮಾಡಿದ ಹಳೆಯ ಪೀಪಾಯಿಯ ವೈನನ್ನು ಬಗ್ಗಿಸಿ ಗ್ಲಾಸನ್ನು ಆಕೆಯ ಕೈಗೆ ಕೊಟ್ಟರು. ಆಕೆ ಬೆಳಕಿಗೆ ಹಿಡಿದು ನೋಡಿದಳು, ಅಲ್ಲಾಡಿಸಿದಳು, ಮೂಗಿಗೆ ಹಿಡಿದಳು. ಏನೆನ್ನುತ್ತಾಳೋ ಎಂದು ಎಲ್ಲರೂ ಉಸಿರು ಹಿಡಿದು, ಮುಖ ಸಣ್ಣದು ಮಾಡಿ, ಸುಮ್ಮನೆ ಕೂತರು.

ಗುರುಪಾದ ಸುತ್ತ ನೋಡಿದ. ಎಲ್ಲರ ಮುಖವೂ ಸಣ್ಣದು. ಎಲ್ಲರೂ ಸುಮ್ಮನೆ. ಅವನು ಮುಂದೆ ಬಂದು ಎದೆಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, "ಲೊ ಸಿಯೆಂತೊ" ಎಂದ.

ಪಿಲಾರ್ ತುಟಿಯ ಹತ್ತಿರ ಒಯ್ದ ಗ್ಲಾಸನ್ನು ಅಲ್ಲೇ ನಿಲ್ಲಿಸಿದಳು. ಇವನನ್ನು ನೋಡಿದಳು, ವೈನನ್ನು ನೋಡಿದಳು. ಆಮೇಲೆ ಮೆಲ್ಲಗೆ, ಯಾರಿಗೂ ಬೇಸರವಾಗದ ಹಾಗೆ, ಗ್ಲಾಸನ್ನು ಮೇಜಿನ ಮೇಲಿಟ್ಟು ದೂರ ಸರಿಸಿದಳು. ಬಡಿಸುವ ಆಳೇ ದುಃಖಪಡುವ ವೈನನ್ನು ಯಾರು ಕುಡಿಯುತ್ತಾರೆ?

ಮನೆಯಲ್ಲಿ ದಾನವ್ವ ಹಣೆ ಹಣೆ ಬಡಿದುಕೊಂಡಳು. "ವೈನ ಮುಂದಿಟ್ಟು ದುಃಖ ಹೇಳ್ತಾರೇನೋ, ಖೋಡಿ? ಅಲ್ಲಿ ತುಟಿ ಚಪ್ಪರಿಸಿ 'ಮುಯ್ ರಿಕೊ' ಅನಬೇಕು. ಭಾಳ ರುಚಿ ಐತಿ ಅಂತ ವೈನ ಹೊಗಳಬೇಕು."

"ಯಾವ ವೈನ ಹೊಗಳೂದವ್ವ?"

"ಯಾವ್ದ ಇರ್ಲಿ. ಕಣ್ಣಿಗೆ ಬಿದ್ದದ್ದೆಲ್ಲಾ ಹೊಗಳು."

ಮುಯ್ ರಿಕೊ, ಮುಯ್ ರಿಕೊ. ಮರುದಿನ ಪಿಲಾರ್ ಮೊದಲು ಪೀಪಾಯಿಗಳ ಕೋಣೆಗೆ ಹೋದಳು. ಮರದ ಪೀಪಾಯಿಯಲ್ಲಿಟ್ಟ ವೈನು ಒಳಗೊಳಗೇ ಇಂಗಿ ಕೆಳಗಿಳಿಯುತ್ತದೆ. ಆಗಾಗ ಬಾಯಿಮಟ್ಟ ತುಂಬುತ್ತಿರಬೇಕು, ಇಲ್ಲದಿದ್ದರೆ ಗಾಳಿ ಸೇರಿ ಹುಳಿಯಾಗುತ್ತದೆ. ಆಕೆ ಬಗ್ಗಿ ನೋಡಿದರೆ ಒಂದು ಪೀಪಾಯಿ ಅರೆ, ಇನ್ನೊಂದು ಉಕ್ಕಿ ನೆಲವೆಲ್ಲ ಕೆಂಪು. ತುಂಬುವ ಹುಡುಗರು ಹರಟೆ ಹೊಡೆಯುತ್ತ ತುಂಬಿದ್ದರು. ಆಕೆ ಹುಬ್ಬು ಗಂಟಿಕ್ಕಿದಳು. ಸಾಹುಕಾರರು ಕೈಯೊರೆಸಿಕೊಂಡರು.

ಆಮೇಲೆ ರುಚಿ ನೋಡುವ ಕೆಲಸ. ಈ ರುಚಿ ನೋಡುವವರ ಪದ್ಧತಿ ನಿಮಗೆ ಗೊತ್ತಿರಲಿ: ಅವರು ವೈನನ್ನು ನುಂಗುವುದಿಲ್ಲ. ಬಾಯಲ್ಲಿ ಹಾಕಿ, ಮುಕ್ಕಳಿಸಿ, ಬಕೆಟ್ಟಿಗೆ ಉಗುಳುತ್ತಾರೆ. ನುಂಗುತ್ತ ಹೋದರೆ ಮಧ್ಯಾಹ್ನದೊಳಗೆ ಯಾವುದು ವೈನು, ಯಾವುದು ನೀರು ತಿಳಿಯುವುದಿಲ್ಲ. ಆ ಬಕೆಟ್ ಹಿಡಿಯುವ ಕೆಲಸ ಗುರುಪಾದನದು. ಪಿಲಾರ್ ಉಗುಳಿದಳು, ಸಾಹುಕಾರರು ಉಗುಳಿದರು, ಮತ್ತೆ ಪಿಲಾರ್ ಉಗುಳಿದಳು. ಬಕೆಟ್ಟಿನಲ್ಲಿ ಅರ್ಧದವರೆಗೆ ನಿಂತದ್ದು ಏನು? ವೈನೇ. ಕಣ್ಣಿಗೆ ಬಿದ್ದದ್ದು ಹೌದೋ ಅಲ್ಲವೋ? ಹೌದು. ಗುರುಪಾದ ಬಕೆಟ್ಟಿನೊಳಗೆ ಬಗ್ಗಿ ನೋಡಿ, ತುಟಿ ಚಪ್ಪರಿಸಿ, "ಮುಯ್ ರಿಕೊ" ಎಂದ.

ಪಿಲಾರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಇವನು ಅದನ್ನು ಕುಡಿದನೋ ಏನೋ ಎಂಬ ಅನುಮಾನದಲ್ಲೇ ಆಕೆಗೆ ತಲೆ ಸುತ್ತು ಬಂತು. ಆಕೆಯನ್ನು ಹಿಡಿದು ಕೋಣೆಗೆ ಕರೆದೊಯ್ದರು.

"ಹೊಗಳು ಅಂದಿ, ಹೊಗಳೀನಿ. ಈಗ ಆ ಅಮ್ಮಗ ಆರಾಮಿಲ್ಲ" ಎಂದ ಗುರುಪಾದ ಮನೆಗೆ ಬಂದು.

"ಉಗುಳಿದ್ದು ಹೊಗಳಬ್ಯಾಡೋ ನಮ್ಮಪ್ಪ. ಉಗುಳಾಕ ಬಂದ್ರ ಲಗೂನ ಗದ್ದದ ಕೆಳಗ ಬಕೆಟ್ ಹಿಡಿ, ಮಾರಿ ಆ ಕಡೆ ತಿರುಗಿಸು, 'ಗ್ರಾಸಿಯಾಸ್' ಅನ್ನು. ಉಪಕಾರ ಆತು ಅಂತ. ಹೆಚ್ಚಿಂದು ಬ್ಯಾಡ."

"ಯಾರ ಉಗುಳಿದ್ರೂ?"

ದಾನವ್ವನಿಗೆ ಸುಸ್ತಾಗಿತ್ತು. "ಯಾರ ಉಗುಳಿದ್ರೂ" ಎಂದುಬಿಟ್ಟಳು.

ಇತ್ತ ಸಾಹುಕಾರರ ತಾಯಿ ಪಿಲಾರಳನ್ನು ನೋಡಿ ಒಂದೇ ಮಾತಿಗೆ ರೋಗ ಕಂಡುಹಿಡಿದಿದ್ದಳು. "ಬೆಳ್ಳನ ಹೆಣ್ಮಗಳು, ಊರ ಮಂದೀದೆಲ್ಲಾ ಕಣ್ಣ ಬಿದ್ದೈತಿ. ದೃಷ್ಟಿ ತಗದ್ರ ಆತು." ಸಂಜೆ ಮುದುಕಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು, ಪಿಲಾರಳನ್ನು ಪಡಸಾಲೆಯಲ್ಲಿ ಕೂರಿಸಿ, ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು. ಪಕ್ಕದಲ್ಲಿ ಕೆಂಡದ ಒಲೆ. ದೃಷ್ಟಿ ತೆಗೆದವರು ಆ ಮುಷ್ಟಿಯ ಮೇಲೆ ಥೂ ಥೂ ಅನ್ನಿಸಿ ಬೆಂಕಿಗೆ ಹಾಕಬೇಕು, ಅದೇ ಕ್ರಮ. ಮುದುಕಿ ಮುಷ್ಟಿಯನ್ನು ಪಿಲಾರಳ ಬಾಯಿಯ ಹತ್ತಿರ ಒಯ್ದು, "ಹಿಂಗ ಅನ್ನವ್ವ, ಥೂ, ಥೂ" ಎಂದು ತಾನೇ ಮಾಡಿ ತೋರಿಸಿದಳು.

ಅವ್ವನ ಮಾತು ಕಲಿತು ಮರಳಿದ್ದ ಗುರುಪಾದ ಬಾಗಿಲಲ್ಲೇ ಇದ್ದ. ಬಕೆಟ್ಟೂ ಕೈಯಲ್ಲೇ ಇತ್ತು. ಓಡಿ ಬಂದು ಮುದುಕಿಯ ಗದ್ದದ ಕೆಳಗೆ ಬಕೆಟ್ ತುರುಕಿ, ಮುಖ ಆ ಕಡೆ ತಿರುಗಿಸಿ, "ಗ್ರಾಸಿಯಾಸ್" ಎಂದ. ಮುದುಕಿಯ ಕೈಗೆ ಬಕೆಟ್ ಬಡಿಯಿತು. ಉಪ್ಪು, ಮೆಣಸಿನಕಾಯಿ, ಊರ ಮಂದಿಯ ಕೆಟ್ಟ ಕಣ್ಣು ಎಲ್ಲ ಸೇರಿ ಬಕೆಟ್ಟಿನ ತಳದ ವೈನಿಗೆ ಬಿದ್ದವು.

"ಬೆಂಕ್ಯಾಗ ಬೀಳೂ ದೃಷ್ಟಿ ವೈನದಾಗ ಬಿತ್ತು" ಎಂದು ಮುದುಕಿ ನೆಲಕ್ಕೆ ಕೂತಳು. "ಇನ್ನ ಈ ಫ್ಯಾಕ್ಟ್ರಿ ಉಳಿಯಾಂಗಿಲ್ಲ."

ಪಿಲಾರ್ ಮಾತ್ರ ಅಂದು ಮೊದಲ ಸಲ ಇವನನ್ನು ತಿರುಗಿ ತಿರುಗಿ ನೋಡಿದಳು. ಆಕೆಯ ತಲೆ ಸುತ್ತು ಹೋಗಿತ್ತು. ಯಾವುದರಿಂದ ಹೋಯಿತೋ, ಹೇಳುವವನಿಗೆ ಗೊತ್ತಿಲ್ಲ.

ಸಾಹುಕಾರರು ದಾನವ್ವನ ಮನೆಗೆ ಆಳು ಕಳಿಸಿ ಹೇಳಿಸಿದರು: ನಾಳೆ ಮಧ್ಯಾಹ್ನ ಬೀಳ್ಕೊಡುವ ಊಟ. ಅದೊಂದು ಕಡೆಯ ಸಲ. ದಾನವ್ವ ಮಗನನ್ನು ಜಗಲಿಯಲ್ಲಿ ಕೂರಿಸಿ, ಅವನ ಎರಡೂ ಕೈ ಹಿಡಿದುಕೊಂಡಳು.

"ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ಇನ್ನ ಮ್ಯಾಲ ನೀ ಬಾಯಿನ ತೆರೀಬ್ಯಾಡ. ಆ ಅಮ್ಮ 'ಉನ್ ಪೊಕೊ ಮಾಸ್' ಅಂದ್ರ ಇನ್ನೊಂಚೂರು ಹಾಕು ಅಂತ ಅರ್ಥ. ಅಂದ್ಕೂಡ್ಲೆ ಹಾಕು. ಗ್ಲಾಸಿನ ಬಾಯಿ ಮ್ಯಾಲ ಕೈ ಮುಚ್ಚಿದ್ರ ಸಾಕು ಅಂತ ಅರ್ಥ. ಮುಚ್ಚಿದ್ಕೂಡ್ಲೆ ನಿಲ್ಲಸು. ತಿಳೀತ?"

"ಅಂದ್ರ ಹಾಕೂದು. ಕೈ ಮುಚ್ಚಿದ್ರ ನಿಲ್ಲಸೂದು."

"ಇಷ್ಟ ಮಾಡು, ಮಗನ. ನನ್ನ ಸಲವಾಗಿ ಇಷ್ಟ ಮಾಡು." ಗುರುಪಾದನಿಗೆ ತಾಯಿ ಏಕೆ ಹಾಗೆ ಕೈ ಹಿಡಿದಿದ್ದಾಳೆಂದು ತಿಳಿಯಲಿಲ್ಲ, ಆದರೆ ಕೈ ಬಿಡಿಸಿಕೊಳ್ಳಲೂ ಇಲ್ಲ.

ಊಟದ ಮೇಜಿಗೆ ಬಿಳಿಯ ಬಟ್ಟೆ ಹಾಸಿತ್ತು. ಒಂದು ಕಡೆ ಪಿಲಾರ್, ಒಂದು ಕಡೆ ಸಾಹುಕಾರರು. ಗುರುಪಾದ ಬಾಟಲಿ ಹಿಡಿದು, ಬಾಯಿ ಬಿಗಿದು ನಿಂತಿದ್ದ. ಪಿಲಾರ್ ಗ್ಲಾಸು ಮುಂದೆ ಸರಿಸಿ, "ಉನ್ ಪೊಕೊ ಮಾಸ್" ಎಂದಳು. ಅವನು ಹಾಕತೊಡಗಿದ. ಆಕೆ ಸಾಹುಕಾರರ ಕಡೆ ತಿರುಗಿ ಪೀಪಾಯಿಗಳ ಮಾತು ತೆಗೆದಳು. ಅವರದು ಕೈಯಲ್ಲೇ ಮಾತಾಡುವ ದೇಶ. ಅರೆ ತುಂಬಿದ್ದು ತೋರಿಸಲು ಒಂದು ಕೈ ಇಲ್ಲಿ, ಉಕ್ಕಿದ್ದು ತೋರಿಸಲು ಇನ್ನೊಂದು ಕೈ ಅಲ್ಲಿ. ಎರಡೂ ಕೈ ಗಾಳಿಯಲ್ಲಿ. ಗ್ಲಾಸಿನ ಮೇಲೆ ಒಂದೂ ಇಲ್ಲ.

ಗುರುಪಾದ ಆಕೆಯ ಕೈಗಳನ್ನೇ ನೋಡುತ್ತಿದ್ದ. ಮುಚ್ಚಲಿಲ್ಲ, ಹಾಕಿದ. ಗ್ಲಾಸು ತುಂಬಿತು. ಮುಚ್ಚಲಿಲ್ಲ, ಹಾಕಿದ. ಬಿಳಿಯ ಬಟ್ಟೆ ಕೆಂಪಾಯಿತು. ಮುಚ್ಚಲಿಲ್ಲ, ಹಾಕಿದ. ಬಾಟಲಿ ಮುಗಿಯಿತು, ಇನ್ನೊಂದು ತೆಗೆದ. ವೈನು ಮೇಜಿನ ಅಂಚಿಗೆ ಬಂದು ಸಾಹುಕಾರರ ಧೋತರಕ್ಕೆ ಇಳಿಯಿತು. ಆಗ ಅವರು ಕೆಳಗೆ ನೋಡಿಕೊಂಡರು.

"ನಿಲ್ಲಸಲೇ" ಎಂದರು ಸಾಹುಕಾರರು.

ಗುರುಪಾದ ಬಾಯಿ ತೆರೆಯಲಿಲ್ಲ. ಅವರು ಹೇಳಿದ್ದು ಬಾಯಲ್ಲಿ, ಅವ್ವ ಹೇಳಿದ್ದು ಕೈಯ ಮಾತು. ಪಿಲಾರ್ ತಾನೇ ಗ್ಲಾಸಿನ ಮೇಲೆ ಕೈ ಮುಚ್ಚಿದ ಮೇಲೆ ನಿಲ್ಲಿಸಿದ. ಒಂದು ಹನಿ ಕೂಡ ಆಮೇಲೆ ಬೀಳಲಿಲ್ಲ. ಅದನ್ನು ಪಿಲಾರ್ ಒಬ್ಬಳೇ ಗಮನಿಸಿದಳು. ಸಾಹುಕಾರರು ಗಮನಿಸಿದ್ದು ತಮ್ಮ ಧೋತರವನ್ನು.

"ನಡಿ ಮನಿಗೆ" ಎಂದರು. "ನಾಳಿಂದ ಬರಬ್ಯಾಡ."

ನಾಳಿಂದ ಬರಬೇಡ ಎಂದರು ಎಂದು ಗುರುಪಾದ ಬಂದು ಹೇಳಿದಾಗ ದಾನವ್ವ ಬೈಯಲಿಲ್ಲ. ಹೊಸ ಮಾತು ಯಾವುದನ್ನೂ ಕಲಿಸಲಿಲ್ಲ. ಮರುದಿನ ಬೆಳಿಗ್ಗೆ ಎರಡು ತಾಟಿಗೆ ರೊಟ್ಟಿ, ಶೇಂಗಾ ಹಿಂಡಿ ಹಾಕಿ, ಮಜ್ಜಿಗೆಯ ತಂಬಿಗೆ ನಡುವೆ ಇಟ್ಟಳು. ಮಗ ಉಂಡ. ಅವಳು ರೊಟ್ಟಿ ಮುರಿದಳು, ಬಾಯಿಗೆ ಇಡಲಿಲ್ಲ.

ಅಷ್ಟರಲ್ಲಿ ಓಣಿಯ ಬಾಯಿಗೆ ಕಾರು ಬಂದು ನಿಂತಿತು. ಪಿಲಾರ್ ಊರಿಗೆ ಹೊರಟವಳು, ತನ್ನ ತಮ್ಮ ಎಮ್ಲಪ್ಪ ಬಾಯಿತುಂಬ ಹೊಗಳುತ್ತಿದ್ದ ರೊಟ್ಟಿಯ ದಾನವ್ವನನ್ನು ನೋಡಿ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಸಾಹುಕಾರರು ಸಿಟ್ಟಿಗೆ ಕಾರಿನಿಂದ ಇಳಿಯಲಿಲ್ಲ. ಆಕೆಯೊಬ್ಬಳೇ ನಡೆದು ಬಂದು, ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದು, ಚಾಪೆಯ ಮೇಲೆ ಕೂತಳು.

ದಾನವ್ವ ಗ್ಲಾಸಿಗೆ ಮಜ್ಜಿಗೆ ಹಾಕಿ ಕೊಟ್ಟಳು, ತನಗೂ ಒಂದು ತೆಗೆದುಕೊಂಡಳು. ಪಿಲಾರ್ ಗ್ಲಾಸು ಎತ್ತಿದಳು.

"ಸಲೂದ್" ಎಂದಳು ದಾನವ್ವ.

ಪಿಲಾರಳ ಮುಖ ಅರಳಿತು. "ಸಲೂದ್" ಎಂದಳು. ಕುಡಿದು, "ಮುಯ್ ರಿಕೊ" ಎಂದಳು.

"ಗ್ರಾಸಿಯಾಸ್" ಎಂದಳು ದಾನವ್ವ.

ದಾನವ್ವನ ಎದೆಯಲ್ಲಿ ಹೇಳಬೇಕಾದದ್ದು ರಾಶಿ ಇತ್ತು. ಇವನು ಕೆಟ್ಟವನಲ್ಲ, ತಾಯೀ. ಹೇಳಿದ್ದು ಬಿಟ್ಟು ಬೇರೆ ಮಾಡುವವನಲ್ಲ. ನನಗೆ ವಯಸ್ಸಾಯಿತು. ಇವನ ಕೈಗೊಂದು ಕೆಲಸ ಬೇಕು. ಇದನ್ನೆಲ್ಲ ಹೇಳುವ ಮಾತು ಎಮ್ಲಪ್ಪನ ಮೇಜಿನ ಮೇಲೆ ಎಂದೂ ಬಂದಿರಲಿಲ್ಲ. ಅವಳ ಹತ್ತಿರ ಇದ್ದುದು ಕುಡಿಯುವವರ ಮಾತು, ಸಾವಿನ ಮನೆಯ ಒಂದು ಮಾತು, ಅಷ್ಟೇ. ಇದ್ದುದರಲ್ಲೇ ಹುಡುಕಿದಳು. ಎದೆಯ ಮೇಲೆ ಕೈಯಿಟ್ಟು, "ಲೊ ಸಿಯೆಂತೊ" ಎಂದಳು. ಮಗನ ಕಡೆ ಬೆರಳು ತೋರಿಸಿದಳು. ಕಣ್ಣಲ್ಲಿ ನೀರು ತುಂಬಿ ಬಂತು. ಎರಡೂ ಕೈ ಸೆರಗಿನಲ್ಲಿ ಜೋಡಿಸಿ ಅಂದಳು:

"ಉನ್ ಪೊಕೊ ಮಾಸ್."

ಇನ್ನೊಂಚೂರು. ಇವನಿಗೆ ಇನ್ನೊಂಚೂರು ಅವಕಾಶ ಕೊಡು.

ಪಿಲಾರಳಿಗೆ ತಿಳಿಯಿತು. ಹೆಂಗಸಾದವಳಿಗೆ ತಿಳಿಯದೆ ಇರುತ್ತದೆಯೇ? ಅವಳ ಕಣ್ಣೂ ಒದ್ದೆಯಾಯಿತು. ಆದರೆ ಗುರುಪಾದನಿಗೆ ಕೇಳಿಸಿದ್ದು ಒಂದೇ. ಅಂದಕೂಡಲೆ ಹಾಕು ಎಂದು ಅವ್ವ ಹೇಳಿದ್ದಳು, ಈಗ ಅವ್ವನೇ ಅನ್ನುತ್ತಿದ್ದಾಳೆ. ಎದ್ದು ತಂಬಿಗೆ ತೆಗೆದುಕೊಂಡು ತಾಯಿಯ ಗ್ಲಾಸಿಗೆ ಮಜ್ಜಿಗೆ ಹಾಕತೊಡಗಿದ.

ಪಿಲಾರ್ ಕಣ್ಣೊರೆಸಿಕೊಂಡು ನೋಡಿದಳು. ಮಜ್ಜಿಗೆ ಏರುತ್ತ ಬಂತು. ಅವನು ತಾಯಿಯ ಕೈ ನೋಡುತ್ತ ಹಾಕುತ್ತಿದ್ದ. ಮಜ್ಜಿಗೆ ಸರಿಯಾಗಿ ಗ್ಲಾಸಿನ ಬಾಯಿಮಟ್ಟ ಬಂದಾಗ ಪಿಲಾರ್ ಕೈ ಚಾಚಿ ಅದರ ಮೇಲೆ ಮುಚ್ಚಿದಳು. ಗುರುಪಾದ ನಿಂತ. ತಂಬಿಗೆಯ ತುದಿಯಲ್ಲಿ ಒಂದು ಹನಿ ತೂಗಿತು, ಬೀಳಲಿಲ್ಲ. ಆಕೆ ಕೈ ತೆಗೆದು ಗ್ಲಾಸು ನೋಡಿದಳು. ಅರೆಯೂ ಇಲ್ಲ, ಉಕ್ಕಿಯೂ ಇಲ್ಲ. ನಕ್ಕು ಎದ್ದು, ಬಾಗಿಲಲ್ಲಿ ನಿಂತು ಸಾಹುಕಾರರಿಗೆ ಇಂಗ್ಲಿಷಿನಲ್ಲಿ ಏನೋ ಕೂಗಿ ಹೇಳಿದಳು.

ಕಾರಿನ ಗಾಜು ಅರ್ಧ ಕೆಳಗಿಳಿಯಿತು. ಆಮೇಲೆ ಸಾಹುಕಾರರ ದನಿ ಬಂತು. "ದಾನವ್ವಾ, ನಿನ್ನ ಮಗನ್ನ ಪೀಪಾಯಿ ಕ್ವಾಣಿಗೆ ಕಳಸು. ಕಾಯಂ. ತುಂಬೂದು, ಕೈ ಮುಚ್ಚಿದ್ರ ನಿಲ್ಲಸೂದು, ಅಷ್ಟ. ಅಲ್ಲಿ ಕೈ ಮುಚ್ಚಾಕ ಒಬ್ಬ ಇರ್ತಾನ, ಮಾತಾಡಾಕ ಯಾರೂ ಇರಾಂಗಿಲ್ಲ."

ಕಾರು ಹೋಯಿತು. ದಾನವ್ವ ಇದ್ದಲ್ಲೇ ಕೂತಳು. ಇಷ್ಟು ವರ್ಷ ಹೊತ್ತುಕೊಂಡು ಬಂದ ಚಿಂತೆ ಒಮ್ಮೆಲೆ ಇಳಿದಾಗ ಮನುಷ್ಯರಿಗೆ ಏನು ಮಾಡಬೇಕೋ ತೋಚುವುದಿಲ್ಲ. ಅವಳು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಆಮೇಲೆ ಹೊಟ್ಟೆ ಹಸಿದದ್ದು ನೆನಪಾಯಿತು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಅತ್ತು ಮುಗಿಸಿ ಹೊಟ್ಟೆ ತುಂಬ ಉಣ್ಣಬೇಕು ಎಂದುಕೊಂಡು ಇನ್ನಷ್ಟು ಅತ್ತಳು.

ಗುರುಪಾದ ತಾಯಿಯನ್ನು ನೋಡಿದ. ಬಾಯಿಯ ಮೇಲೆ ಕೈ. ಅದೂ ಒಂದಲ್ಲ, ಎರಡು.

ದಾನವ್ವ ಕೈ ತೆಗೆದು ನೋಡಿದಾಗ ಮುಂದೆ ತಾಟಿಲ್ಲ, ರೊಟ್ಟಿಯಿಲ್ಲ, ಮಜ್ಜಿಗೆಯಿಲ್ಲ. ರೊಟ್ಟಿ ಹಿತ್ತಲಿನ ನಾಯಿಯ ಬಾಯಲ್ಲಿತ್ತು. ಮಗ ಬಚ್ಚಲಲ್ಲಿ ಕೂತು ಬೂದಿ ಹಚ್ಚಿ ತಾಟು ತಿಕ್ಕುತ್ತಿದ್ದ.

"ನನ್ನ ರೊಟ್ಟಿ ಎಲ್ಲೋ?"

"ಕೈ ಮುಚ್ಚಿದ್ಯಲ್ಲವ್ವ" ಎಂದ ಗುರುಪಾದ. "ನಿನಗ ಸಾಕಾಗಿತ್ತು."